ಹತ್ತನೇ ಕ್ಲಾಸಿನ ಹುಡುಗಿಗೆ ಓಸಿಡಿ: ಕಾದಂಬರಿಯಲ್ಲಿ ಹೇಗೆ ತರುವುದು?

ಪ್ರಶ್ನೆ: ಹದಿಹರೆಯದವರಿಗಾಗಿ ಕಿರುಕಾದಂಬರಿ ಬರೆಯುತ್ತಿದ್ದೇನೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆ, ನಾಯಕಿಗೆ ಓಸಿಡಿ, ಅಂದರೆ ಬೇಡದ ಯೋಚನೆ ಪುನಃ ಪುನಃ ಬಂದು, ಅದರ ಹೆದರಿಕೆ ತಣಿಸಲು ಒಂದೇ ಕೆಲಸ ಮಾಡುತ್ತಲೇ ಇರಬೇಕೆನಿಸುವ ಮನಸ್ಸಿನ ಕಾಯಿಲೆ. ಕೈ ತೊಳೆಯುವ ದೃಶ್ಯ ಎಷ್ಟು ತಿದ್ದಿದರೂ ನಾಟಕದ ಹಾಗಾಗುತ್ತದೆ. ಕೊನೆಗೆ ಗುಣವಾದಳು ಅಂತ ಬರೆಯಬಹುದಾ?

ಉತ್ತರ 1: ಮೇಡಂ, ತೊಳೆಯುವುದಕ್ಕಿಂತ ಮೊದಲಿನದ್ದು ಬರೆಯಿರಿ. "ನನ್ನ ಕೈಯಿಂದ ತಮ್ಮನಿಗೆ ಏನಾದರೂ ಆದರೆ?" ಅಂತ ಯೋಚನೆ, ಎದೆ ಡವಡವ, ತೊಳೆದದ್ದು, ಎರಡು ನಿಮಿಷ ಹಗುರ, ಪುನಃ "ಸರಿಯಾಗಿ ತೊಳೆದೆನಾ?" ಆ ಎರಡು ನಿಮಿಷದ ಹಗುರವೇ ಕಾಯಿಲೆಗೆ ಗೊಬ್ಬರ. ಅದು ಬಿಟ್ಟುಹೋದರೆ ಓದುವವರಿಗೆ ಅವಳು ಬರೇ ಕ್ಲೀನಿನ ಹುಚ್ಚಿನವಳು. ಮಡಿ-ಮೈಲಿಗೆಯ ಮನೆಯಾದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಅಜ್ಜಿಗಂತೂ ಹೆಮ್ಮೆ! ಆದರೆ ಮಡಿಗೆ ಮುಗಿಯುವ ಜಾಗ ಉಂಟು, ಮಿಂದರೆ ಆಯಿತು. ಇವಳದ್ದು ಮುಗಿಯುವುದಿಲ್ಲ.

ಉತ್ತರ 2: ಚಿಕಿತ್ಸೆಯ ಕಾಲಲೆಕ್ಕ ತಪ್ಪಬೇಡಿ. ಜೂನಿನಲ್ಲಿ ಮದ್ದು ಸುರುವಾದರೆ ಮೊದಲ ವಾರಗಳಲ್ಲಿ ಕಾಣುವುದು ವಾಕರಿಕೆ, ತಲೆನೋವು, ನಿದ್ದೆಗೇಡು. ಓಸಿಡಿಯಲ್ಲಿ ಪೂರ್ತಿ ಪರಿಣಾಮಕ್ಕೆ 8ರಿಂದ 12 ವಾರ ಬೇಕು, ಅಂದರೆ ಆಗಸ್ಟ್-ಸೆಪ್ಟೆಂಬರಿನ ಓಣಂ ಪರೀಕ್ಷೆಯ ಆಚೀಚೆ. ಹರೆಯದವರಲ್ಲಿ ಸುರುವಿಗೆ ಸಾಯುವ ಯೋಚನೆ ಹೆಚ್ಚಾಗಬಹುದೆಂದು ಡಾಕ್ಟರು ಬೇಗ ಬೇಗ ಬರಹೇಳುತ್ತಾರೆ. ಜೊತೆಗೆ ಥೆರಪಿ: ಹೆದರಿಕೆಗಳಿಗೆ 0ರಿಂದ 100ರವರೆಗೆ ಅಂಕ ಕೊಟ್ಟು ಪಟ್ಟಿ, ಕೆಳಗಿನಿಂದ ಒಂದೊಂದು. ಬಸ್ಸಿನ ಕಂಬಿ ಮುಟ್ಟುವುದು, ತೊಳೆಯದೆ ಕೂರುವುದು. ಅಮ್ಮನ ಪಾತ್ರ ಇಲ್ಲಿಯೇ ಗಟ್ಟಿಯಾಗಬೇಕು. "ಏನೂ ಆಗುವುದಿಲ್ಲ ಮಗಾ" ಅಂತ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದವಳು ಅದನ್ನು ಕಡಿಮೆ ಮಾಡಬೇಕು. ಆ ಸಮಾಧಾನವೂ ಒಂದು ತೊಳೆಯುವಿಕೆಯೇ.

ಗುಣದ ವಿಷಯ: 2017ರಲ್ಲಿ ಬಂದ ಜಾನ್ ಗ್ರೀನ್‌ರ 'ಟರ್ಟಲ್ಸ್ ಆಲ್ ದ ವೇ ಡೌನ್' ಕಾದಂಬರಿ ನೋಡಿ, ಅದರ ನಾಯಕಿಗೂ ಓಸಿಡಿ. ಕೊನೆಯ ಪುಟದಲ್ಲೂ ಓಸಿಡಿ ಹೋಗಿರುವುದಿಲ್ಲ, ಬದುಕು ಮಾತ್ರ ನಡೆಯುತ್ತದೆ. ಗ್ರೀನ್ ಅವರಿಗೇ ಓಸಿಡಿ ಉಂಟು.

ಉತ್ತರ 3: ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವ ದೃಶ್ಯ ಇರಲಿ, ಅವರನ್ನು ಖಳನಾಯಕ ಮಾಡಬೇಡಿ. ಮನೆಯವರು ಜ್ಯೋತಿಷಿ, ಡಾಕ್ಟರು ಎರಡೂ ಕಡೆ ಹೋಗುತ್ತಾರೆ. ಆತ್ಮಹತ್ಯೆಯ ಮಾತು ಬಂದರೆ ವಿಧಾನ, ಜಾಗ, ಪ್ರಮಾಣ ಏನೂ ಬೇಡ. ಕೊನೆಯ ಪುಟದಲ್ಲಿ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ನಂಬರ್ 14416 ಹಾಕಿ, 24 ಗಂಟೆಯೂ ಸಿಗುತ್ತದೆ.

ಪ್ರಶ್ನೆ ಕೇಳಿದವರು: ಹಾಗಾದರೆ ನಳ್ಳಿಯಲ್ಲಿ ಕೈ ತೊಳೆಯುವ ದೃಶ್ಯ ತೆಗೆದುಬಿಡಲಾ?

ಉತ್ತರ 1: ಬೇಡ, ಗಿಡ್ಡ ಮಾಡಿ. ತೊಳೆದ ಕೈಗೆ ತಾಗದ ಹಾಗೆ ಶಾಲಿನ ತುದಿಯಲ್ಲಿ ಹಿಡಿದು ನಳ್ಳಿ ಬಂದ್ ಮಾಡುತ್ತಾಳೆ. ಆಮೇಲೆ ಶಾಲಿನದೇ ಚಿಂತೆ.