ಸಮಾನ ಕೆಲಸಕ್ಕೆ ಸಮಾನ ವೇತನ: 39ನೇ ವಿಧಿ ಹಿಡಿದು ಕೋರ್ಟಿಗೆ ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಸರ್. ಒಂದು ಸರ್ಕಾರಿ ಇಲಾಖೆಯಲ್ಲಿ ಗುತ್ತಿಗೆ ಮೇಲೆ ಡೇಟಾ ಎಂಟ್ರಿ ಆಪರೇಟರ್ ಆಗಿದ್ದೇನೆ. ಪಕ್ಕದ ಟೇಬಲ್ಲಿನ ಕಾಯಂ ನೌಕರರದ್ದೂ ನನ್ನದೂ ಒಂದೇ ಕೆಲಸ, ಸಂಬಳ ಮಾತ್ರ ಅವರ ಅರ್ಧಕ್ಕೂ ಕಡಿಮೆ. ಸಂವಿಧಾನದ 39(ಡಿ)ಯಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನ ಅಂತ ಇದೆಯಲ್ಲ? ಅದು ನಿರ್ದೇಶಕ ತತ್ವ, ಅಂದರೆ ಸರ್ಕಾರಕ್ಕೆ ಕೊಟ್ಟ ಮಾರ್ಗದರ್ಶನ ಅಷ್ಟೇ, ಕೋರ್ಟಲ್ಲಿ ನಡೆಯಲ್ಲ ಅಂತಾರೆ. ಹಾಗಾದರೆ ಬರೆದಿದ್ದಾದರೂ ಯಾಕೆ?

ಉತ್ತರ (ವಕೀಲರು): ಮೇಡಂ, ನಿಮಗೆ ಹೇಳಿದವರು 37ನೇ ವಿಧಿಯ ಅರ್ಧ ಮಾತ್ರ ಓದಿದ್ದಾರೆ. ನ್ಯಾಯಾಲಯದ ಮೂಲಕ ಜಾರಿ ಮಾಡಿಸಲಾಗದು ಎನ್ನುವುದು ನಿಜ. ಆದರೆ ಅದೇ ವಿಧಿ ಈ ತತ್ವಗಳು ದೇಶದ ಆಡಳಿತಕ್ಕೆ ಮೂಲಭೂತ, ಕಾನೂನು ಮಾಡುವಾಗ ಇವನ್ನು ಅನ್ವಯಿಸುವುದು ಸರ್ಕಾರದ ಕರ್ತವ್ಯ ಎಂದೂ ಹೇಳುತ್ತದೆ. ಈ ಉಳಿದರ್ಧವನ್ನು ಮರೆಯುವುದು ಆಳುವವರಿಗೆ ಅನುಕೂಲ, ನಾವು ಮರೆಯಬಾರದು. 45ನೇ ವಿಧಿಯಲ್ಲಿ ಆಶಯವಾಗಿದ್ದ ಮಕ್ಕಳ ಶಿಕ್ಷಣ 2002ರ ತಿದ್ದುಪಡಿಯಿಂದ 21ಎ ಆಗಿ ಮೂಲಭೂತ ಹಕ್ಕೇ ಆಯಿತು.

ನಿಮ್ಮ ವಿಷಯಕ್ಕೆ ಬರೋಣ. ದೆಹಲಿ ಪೊಲೀಸ್ ಇಲಾಖೆಯ ಚಾಲಕ ರಣಧೀರ್ ಸಿಂಗ್ ಇದೇ ಪ್ರಶ್ನೆ ಎತ್ತಿದ್ದರು: ಬೇರೆ ಇಲಾಖೆಯ ಚಾಲಕರಿಗಿಂತ ನನಗೇಕೆ ಕಡಿಮೆ? 1982ರಲ್ಲಿ ಸುಪ್ರೀಂ ಕೋರ್ಟ್ ಸಮಾನತೆಯ ಮೂಲಭೂತ ಹಕ್ಕುಗಳಾದ 14 ಮತ್ತು 16ನೇ ವಿಧಿಗಳನ್ನು 39(ಡಿ) ಜೊತೆಗಿಟ್ಟು ಓದಿ ಅವರ ಪರ ತೀರ್ಪು ಕೊಟ್ಟಿತು. 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ವೇತನ ಶ್ರೇಣಿಯ ಕನಿಷ್ಠ ಮೊತ್ತ ಸಿಗಬೇಕು ಎಂದಿತು. ಹಾಗಾಗಿ ನಿಮ್ಮ ಅರ್ಜಿ 14ನೇ ವಿಧಿಯ ಮೇಲೆ ನಿಲ್ಲಬೇಕು, 39(ಡಿ) ಅದಕ್ಕೆ ಬಲ ಕೊಡುತ್ತದೆ.

ಪ್ರಶ್ನೆ: ದಾಖಲೆ ಏನೇನು ಬೇಕು ಸರ್? ವಕೀಲರ ಫೀಸು ಕೊಡುವ ಶಕ್ತಿಯೂ ಇಲ್ಲ.

ಉತ್ತರ: ಕೆಲಸ ಒಂದೇ ಎಂದು ಸಾಬೀತು ಮಾಡುವ ಹೊಣೆ ನಿಮ್ಮದೇ, ಹೆಚ್ಚಿನವರು ಸೋಲುವುದೂ ಇಲ್ಲೇ. ಹುದ್ದೆಯ ಹೆಸರು ಒಂದೇ ಇದ್ದರೆ ಸಾಲದು. ವಿದ್ಯಾರ್ಹತೆ, ಜವಾಬ್ದಾರಿ ಎಲ್ಲವನ್ನೂ ಕೋರ್ಟ್ ನೋಡುತ್ತದೆ. ನೇಮಕಾತಿ ಆದೇಶ, ಕೆಲಸ ಹಂಚಿಕೆಯ ಆದೇಶ, ಹಾಜರಾತಿ, ಸಂಬಳದ ಚೀಟಿ ಜೋಡಿಸಿಕೊಳ್ಳಿ. ಕಾಯಂ ಹುದ್ದೆಯ ಕರ್ತವ್ಯಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಕೇಳಿ. ನಿಮ್ಮನ್ನು ತೆಗೆದುಕೊಂಡಿದ್ದು ಇಲಾಖೆಯೋ ಏಜೆನ್ಸಿಯೋ ತಿಳಿಸಿ. ಏಜೆನ್ಸಿಯಾದರೆ ಇಲಾಖೆಯೇ ಉದ್ಯೋಗದಾತ ಅಲ್ಲ ಎಂಬ ವಾದ ಬಂದೇ ಬರುತ್ತದೆ, ದಾರಿ ಕಷ್ಟವಾಗುತ್ತದೆ.

ಫೀಸಿನ ಚಿಂತೆ ಬಿಡಿ. ಉಚಿತ ಕಾನೂನು ನೆರವು ಕೂಡ 39ಎ ಎಂಬ ನಿರ್ದೇಶಕ ತತ್ವವೇ. ಅದರ ಆಶಯದಂತೆ 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂತು. ಅದರಡಿ ಮಹಿಳೆಯರಿಗೆ ಆದಾಯದ ಮಿತಿಯೇ ಇಲ್ಲ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಎಲ್ಲಿದೆ ಅಂತ ವಿಚಾರಿಸಿ, ಅರ್ಜಿ ಕೊಡಿ. ಹೈಕೋರ್ಟಿಗೆ ಹೋಗಬೇಕಾದರೂ ಅಲ್ಲಿನ ಸಮಿತಿಯಿಂದ ವಕೀಲರನ್ನು ಕೇಳಬಹುದು.