8 ಲಕ್ಷದೊಳಗೆ ಕಾರು: ದಿನಾ ಕಟಪಾಡಿ–ಬೈಕಂಪಾಡಿ ಓಡಾಟ, ಮನೆಗೆ ಮಣ್ಣಿನ ರಸ್ತೆ. ಯಾವುದು ಆಗಬಹುದು?

ಪ್ರಶ್ನೆ, ಕಟಪಾಡಿಯಿಂದ:

ಎಲ್ಲರಿಗೂ ನಮಸ್ಕಾರ. ಮೊದಲ ಕಾರು ತಗೊಳ್ಳುವ ಯೋಚನೆ. ರಸ್ತೆಗೆ ಇಳಿಯುವಾಗ ಎಲ್ಲ ಸೇರಿ 8 ಲಕ್ಷ ದಾಟಬಾರದು. ಕೈಯಲ್ಲಿ 3 ಲಕ್ಷ ಉಂಟು, ಉಳಿದದ್ದು ಲೋನ್. ವಾರಕ್ಕೆ ಆರು ದಿನ ಬೈಕಂಪಾಡಿಗೆ ಹೋಗಿ ಬರ್ಲಿಕ್ಕೆ, ತಿಂಗಳಿಗೆ ಸುಮಾರು 1,900 ಕಿ.ಮೀ. ಹೆದ್ದಾರಿಯಿಂದ ಮನೆಗೆ ಅರ್ಧ ಕಿ.ಮೀ. ಮಣ್ಣಿನ ರಸ್ತೆ, ಮಳೆಗಾಲದಲ್ಲಿ ಎರಡು ಬದಿ ಹೊಂಡ ಬಿದ್ದು ನಡುವೆ ದಿಣ್ಣೆ ಏಳುತ್ತದೆ. ಅಮ್ಮನಿಗೆ ಮಂಡಿನೋವು, ತಗ್ಗಿನ ಸೀಟಿನಿಂದ ಏಳ್ಲಿಕ್ಕೆ ಕಷ್ಟ. ವರ್ಷಕ್ಕೆ ಎರಡು ಮೂರು ಸಲ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಹೋಗ್ಲಿಕ್ಕುಂಟು. ಹೊಸದಾ, ಸೆಕೆಂಡ್ ಹ್ಯಾಂಡಾ? ಪೆಟ್ರೋಲಾ, ಸಿಎನ್‌ಜಿಯಾ? ಗೊತ್ತಿದ್ದವರು ಹೇಳಿ.

ಕಾರು ಲೋನ್ ವಿಭಾಗದವರು, ಮಂಗಳೂರು:

ಮೊದಲು ಶೋರೂಮ್ ಬೆಲೆ ಮತ್ತು ಆನ್‌ರೋಡ್ ಬೆಲೆ ಬೇರೆ ಬೇರೆ ಬರೆದಿಟ್ಟುಕೊಳ್ಳಿ. ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, ಅದರ ಮೇಲೆ ಸೆಸ್. ಶೋರೂಮ್ ಬೆಲೆ 6.5 ಲಕ್ಷದ ಗಾಡಿಗೆ ತೆರಿಗೆಯೇ 91,000, ಸೆಸ್ ಸೇರಿದರೆ ಲಕ್ಷ ದಾಟಿತು. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ಒಟ್ಟಿಗೇ ಕಟ್ಟಬೇಕು: 1000 ಸಿಸಿವರೆಗೆ 6,521, ಅಲ್ಲಿಂದ 1500 ಸಿಸಿವರೆಗೆ 10,640, ಜಿಎಸ್‌ಟಿ ಬೇರೆ. ಅದರ ಮೇಲೆ ಒಂದು ವರ್ಷದ ಸ್ವಂತ ಹಾನಿ ವಿಮೆ, ಫಾಸ್ಟ್ಯಾಗ್, ನಂಬರ್ ಪ್ಲೇಟ್. ಹಾಗಾಗಿ ನಿಮ್ಮ 8 ಲಕ್ಷ ಅಂದರೆ ಶೋರೂಮ್ ಬೆಲೆ 6.5 ಲಕ್ಷದ ಆಸುಪಾಸಿನ ಗಾಡಿ. 7 ಲಕ್ಷದ್ದನ್ನು ಟೆಸ್ಟ್ ಡ್ರೈವ್ ಮಾಡಿ ಮನಸ್ಸು ಕೆಡಿಸಿಕೊಳ್ಳಬೇಡಿ.

ಕೊಟೇಶನ್‌ನಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್" ಅಂತ ಇದ್ದರೆ ತೆಗೆಸಿ. ಆಕ್ಸೆಸರಿ ಕಿಟ್ ಕಡ್ಡಾಯ ಅಲ್ಲ. ವಿಮೆಯನ್ನು ಅವರ ಹತ್ತಿರವೇ ಮಾಡಿಸಬೇಕೆಂದೂ ಇಲ್ಲ, ಹೊರಗಿನ ಕೊಟೇಶನ್ ಒಂದು ಕೈಯಲ್ಲಿದ್ದರೆ ಶೋರೂಮಿನವರೂ ಇಳಿಸುತ್ತಾರೆ.

ಲೋನ್ ಏಳು ವರ್ಷಕ್ಕೆ ಎಳೆಯಬೇಡಿ. 5 ಲಕ್ಷಕ್ಕೆ ಶೇ. 9.5 ಬಡ್ಡಿ ಇಟ್ಟುಕೊಂಡರೆ ಐದು ವರ್ಷಕ್ಕೆ ಕಂತು 10,500, ಒಟ್ಟು ಬಡ್ಡಿ 1.30 ಲಕ್ಷ. ಏಳು ವರ್ಷಕ್ಕೆ ಕಂತು 8,170ಕ್ಕೆ ಇಳಿಯುತ್ತದೆ, ಬಡ್ಡಿ 1.86 ಲಕ್ಷಕ್ಕೆ ಏರುತ್ತದೆ. ಇಷ್ಟು ಓಡಿಸುವವರಿಗೆ ಏಳನೇ ವರ್ಷದಲ್ಲಿ ಮೀಟರ್ ಒಂದೂವರೆ ಲಕ್ಷ ದಾಟಿರುತ್ತದೆ. ಕಂತೂ ಗ್ಯಾರೇಜ್ ಬಿಲ್ಲೂ ಒಟ್ಟಿಗೆ ಬಂದರೆ ಕಷ್ಟ.

ಸಿಎನ್‌ಜಿ ಕಿಟ್ ಕೆಲಸದವರು, ಸುರತ್ಕಲ್:

ತಿಂಗಳಿಗೆ 1,900 ಕಿ.ಮೀ. ಇದ್ದರೆ ಸಿಎನ್‌ಜಿ ಬಿಟ್ಟು ಬೇರೆ ಯೋಚನೆ ಯಾಕೆ ಮಾರಾಯ್ರೆ? ಪೆಟ್ರೋಲ್ ಲೀಟರಿಗೆ 103, ಮೈಲೇಜ್ 18 ಅಂತ ಹಿಡಿದರೆ ತಿಂಗಳಿಗೆ 10,900. ಸಿಎನ್‌ಜಿ ಕೆಜಿಗೆ 85, ಮೈಲೇಜ್ 26 ಹಿಡಿದರೆ 6,200. ವ್ಯತ್ಯಾಸ 4,700. ಅದೇ ಮಾಡೆಲ್‌ನ ಪೆಟ್ರೋಲ್ ಗಾಡಿಗಿಂತ ಸಿಎನ್‌ಜಿಗೆ 90,000 ಜಾಸ್ತಿ ಕೊಟ್ಟರೂ ಇಪ್ಪತ್ತು ತಿಂಗಳೊಳಗೆ ವಾಪಸ್. ನಿಮ್ಮ ಊರಿನ ಇವತ್ತಿನ ದರ ಹಾಕಿ ಇದನ್ನೇ ಒಮ್ಮೆ ಗುಣಿಸಿ ನೋಡಿ.

ಆದರೆ ಕೆಲವು ವಿಷಯ ಶೋರೂಮಿನಲ್ಲಿ ಹೇಳುವುದಿಲ್ಲ. 60 ಲೀಟರ್ ಸಿಲಿಂಡರ್ ಅಂದರೆ ಗ್ಯಾಸ್ ತುಂಬುವುದು 8 ಕೆಜಿ ಚಿಲ್ಲರೆ. ಅಷ್ಟೂ ಹೋಗಬೇಕಾದರೆ ಪಂಪಿನಲ್ಲಿ 200 ಬಾರ್ ಪ್ರೆಶರ್ ಇರಬೇಕು. ಪ್ರೆಶರ್ ಇಳಿದ ಹೊತ್ತಿಗೆ ಹೋದರೆ 5–6 ಕೆಜಿಗೆ ನಿಲ್ಲುತ್ತದೆ. ನಿಮಗೆ ಎರಡು ಮೂರು ದಿನಕ್ಕೊಮ್ಮೆ ಕ್ಯೂ ಗ್ಯಾರಂಟಿ. ಹೋಗಿ ಬರುವ ದಾರಿಯಲ್ಲಿ, ಅದೂ ನಿಮ್ಮ ಬದಿಯಲ್ಲೇ ಪಂಪ್ ಉಂಟಾ ನೋಡಿ. ಯೂ ಟರ್ನ್ ಹೊಡೆದು ಹೋಗುವ ಪಂಪ್ ದಿನಾ ಆಗುವ ಮಾತಲ್ಲ.

ಟ್ಯಾಂಕಿನಲ್ಲಿ ಐದು ಲೀಟರ್ ಪೆಟ್ರೋಲ್ ಯಾವಾಗಲೂ ಇರಲಿ. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪ್ ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿ ತಣ್ಣಗಾಗುವುದು, ಒಣಗಿದರೆ ಸುಟ್ಟುಹೋಗುತ್ತದೆ. ಸ್ಪಾರ್ಕ್ ಪ್ಲಗ್ ಪೆಟ್ರೋಲ್ ಗಾಡಿಗಿಂತ ಬೇಗ ಬದಲಿಸಬೇಕು. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರಿನ ಒತ್ತಡದ ಪರೀಕ್ಷೆ. ತಾರೀಕು ಸಿಲಿಂಡರಿನ ಪ್ಲೇಟಿನಲ್ಲೇ ಇರುತ್ತದೆ, ಮುಗಿದಿದ್ದರೆ ಪಂಪಿನವರು ಗ್ಯಾಸ್ ಹಾಕುವುದಿಲ್ಲ. ಆಗುಂಬೆಯ 14 ತಿರುವಿಗೆ ಮಾತ್ರ ಪೆಟ್ರೋಲ್ ಮೋಡ್‌ಗೆ ಹಾಕಿ. ಒಂದು ಲೀಟರ್ ಎಂಜಿನ್ನಿನ ವ್ಯಾಗನ್‌ಆರ್ ಪೆಟ್ರೋಲಿನಲ್ಲಿ 67 ಪಿಎಸ್ (ಎಂಜಿನ್ನಿನ ಶಕ್ತಿಯ ಲೆಕ್ಕ), ಗ್ಯಾಸಿನಲ್ಲಿ 57. ಐದು ಜನ ಕೂತಾಗ ಆ ಹತ್ತು ಗೊತ್ತಾಗುತ್ತದೆ.

ಡ್ರೈವಿಂಗ್ ಸ್ಕೂಲ್ ನಡೆಸುವವರು, ಉಡುಪಿ:

ಮೇಲಿನವರು ಡಿಕ್ಕಿಯ ಮಾತೇ ಎತ್ತಲಿಲ್ಲ! ಒಂದೇ ದೊಡ್ಡ ಸಿಲಿಂಡರಿನ ಗಾಡಿಯಲ್ಲಿ ಡಿಕ್ಕಿ ಹೋದ ಹಾಗೆಯೇ. ಐದು ಜನ ತೀರ್ಥಹಳ್ಳಿಗೆ ಹೊರಟರೆ ಬ್ಯಾಗ್ ಮಡಿಲಲ್ಲಿ. ಟಾಟಾದವರು ಎರಡು ಸಣ್ಣ ಸಿಲಿಂಡರನ್ನು ಕೆಳಗೆ ಮಲಗಿಸಿ ಇಡುತ್ತಾರೆ, ಮೇಲೆ ಎರಡು ಬ್ಯಾಗ್ ಹಿಡಿಯುತ್ತದೆ.

ನಿಮ್ಮ ಮಣ್ಣಿನ ರಸ್ತೆಗೆ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಅಡಿಗೆ ಇರುವ ಎತ್ತರ ನೋಡಿ. ಸ್ವಿಫ್ಟ್ 163 ಮಿ.ಮೀ., ವ್ಯಾಗನ್‌ಆರ್ 165, ಎಕ್ಸ್‌ಟರ್ 185, ಪಂಚ್ 187, ಮ್ಯಾಗ್ನೈಟ್ 205. ಇದು ಖಾಲಿ ಗಾಡಿಯ ಲೆಕ್ಕ, ಐದು ಜನ ಕೂತರೆ ಹಿಂದೆ ಇಳಿಯುತ್ತದೆ. ದಿಣ್ಣೆಯ ಎತ್ತರವನ್ನು ಮನೆಯಿಂದಲೇ ಅಳೆಯಬಹುದು: ಎರಡು ಹೊಂಡಕ್ಕೆ ಅಡ್ಡವಾಗಿ ಒಂದು ನೇರ ರೀಪು ಹಿಡಿದು, ಅದು ಚಕ್ರ ಓಡುವ ಜಾಗದಿಂದ ಎಷ್ಟು ಎತ್ತರದಲ್ಲಿ ಉಳಿಯಿತು ಅಂತ ಟೇಪ್ ಹಿಡಿಯಿರಿ. 150 ಮಿ.ಮೀ. ದಾಟಿದರೆ 165ರ ಗಾಡಿಯ ಅಡಿ ತಾಗುತ್ತದೆ. ಅಥವಾ ಎರಡು ಲೋಡ್ ಜಲ್ಲಿಪುಡಿ ಹಾಕಿಸಿ ಮಟ್ಟ ಮಾಡಿಸಿ, ಅದು ಎಸ್‌ಯುವಿಗಿಂತ ಅಗ್ಗ.

ಅಮ್ಮನ ವಿಷಯಕ್ಕೆ: ಅವರನ್ನೇ ಶೋರೂಮಿಗೆ ಕರೆದುಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಐದು ಸಲ ಕೂರಿಸಿ ಏಳಿಸಿ. ವ್ಯಾಗನ್‌ಆರ್ ಮತ್ತು ಪಂಚ್ ಎರಡರಲ್ಲೂ ಸೀಟು ಎತ್ತರ, ಬಾಗಿಲು ಅಗಲಕ್ಕೆ ತೆರೆಯುತ್ತದೆ. ಬಲೆನೊ, ಟಿಯಾಗೊ, ಸ್ವಿಫ್ಟ್ ತಗ್ಗು.

ನಾಲ್ಕು ಪಥದ ಹೆದ್ದಾರಿಯಲ್ಲಿ ದಿನಾ ಎಪ್ಪತ್ತು ಕಿ.ಮೀ. ಮೇಲೆ ಹೋಗುವವರು ಕ್ರ್ಯಾಶ್ ಟೆಸ್ಟ್ ಬಿಡಬಾರದು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಕ್ರ್ಯಾಶ್ ಟೆಸ್ಟಿನಲ್ಲಿ ಪಂಚ್‌ಗೆ 2021ರಲ್ಲಿ ದೊಡ್ಡವರ ಸುರಕ್ಷೆಗೆ 5 ಸ್ಟಾರ್, ವ್ಯಾಗನ್‌ಆರ್‌ಗೆ 2023ರಲ್ಲಿ 1. ಆಮೇಲೆ ವ್ಯಾಗನ್‌ಆರ್‌ಗೆ ಆರು ಏರ್‌ಬ್ಯಾಗ್ ಬಂತು, ಒಳ್ಳೆಯದೇ, ಆದರೆ ಬಾಡಿ ಅದೇ. ಪಂಚ್ ಸಿಎನ್‌ಜಿ ಬೇಕಾದರೆ ನಿಮ್ಮ ಬಜೆಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ವೇರಿಯಂಟ್ ಮಾತ್ರ, ಅದೂ ಅಂಚಿನಲ್ಲಿ. ಟಚ್‌ಸ್ಕ್ರೀನ್ ಆಮೇಲೆ ಹಾಕಿಸಬಹುದು, ಬಾಡಿ ಆಮೇಲೆ ಹಾಕಿಸಲಿಕ್ಕೆ ಆಗುವುದಿಲ್ಲ.

ಗ್ಯಾರೇಜ್ ಮತ್ತು ಟಿಂಕರಿಂಗ್ ಕೆಲಸದವರು, ಉದ್ಯಾವರ:

ಸೆಕೆಂಡ್ ಹ್ಯಾಂಡ್ ನೋಡುವುದಾದರೆ ನಮ್ಮ ಕರಾವಳಿಯಲ್ಲಿ ಎಂಜಿನ್‌ಗಿಂತ ಮೊದಲು ತುಕ್ಕು ನೋಡಿ. ಎಂಜಿನ್ ರಿಪೇರಿ ಆಗುತ್ತದೆ, ತುಕ್ಕು ತಿಂದ ಬಾಡಿ ಆಗುವುದಿಲ್ಲ. ಮಲ್ಪೆ, ಉಳ್ಳಾಲದ ಹಾಗೆ ಕಡಲಿಗೆ ಹತ್ತಿರ ಬಯಲಲ್ಲಿ ನಿಂತ ಗಾಡಿ, ಮತ್ತೆ ದಿನಾ ಮೀನಿನ ಲಾರಿಯ ಹಿಂದೆ ಓಡಿದ ಗಾಡಿ. ಲಾರಿಯಿಂದ ಸೋರುವ ಐಸಿನ ಉಪ್ಪುನೀರು ಚಕ್ರ ಎರಚಿ ಅಡಿಗೆ ಅಂಟುತ್ತದೆ.

ನೋಡಬೇಕಾದ ಜಾಗ: ಡಿಕ್ಕಿಯ ಮ್ಯಾಟ್ ತೆಗೆದು ಸ್ಟೆಪ್ನಿ ಕೂರುವ ಗುಂಡಿ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯುವ ಸಣ್ಣ ತೂತುಗಳು, ಮಣ್ಣು ಕಟ್ಟಿದ್ದರೆ ಒಳಗಿನಿಂದ ಕೊಳೆತಿರುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಸ್ವಲ್ಪ ಎಳೆದು ಅದರಡಿಯ ತಗಡು. ಜಾಕ್ ಕೊಡುವ ಜಾಗ. ಬ್ಯಾಟರಿ ಟ್ರೇ. ಬಾನೆಟ್ ತೆರೆದು ಸಸ್ಪೆನ್ಶನ್ ಸ್ಟ್ರಟ್ ಬೋಲ್ಟ್ ಆಗಿರುವ ಗೋಪುರ. ಹಿಂದಿನ ಆಕ್ಸೆಲ್‌ನಲ್ಲಿ ಸ್ಪ್ರಿಂಗ್ ಕೂರುವ ಬಟ್ಟಲು, ಬ್ರೇಕ್ ಪೈಪು. ಇದಕ್ಕೆ ರ‍್ಯಾಂಪ್ ಮೇಲೆ ಎತ್ತಿಸಲೇಬೇಕು. ಸ್ಕ್ರೂ ಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ಪುಟ್ಟಿ ತುಂಬಿದ್ದು ಡಬ್ ಅನ್ನುತ್ತದೆ. ಮೇಲ್ಮೈ ತುಕ್ಕು ಕಂದು ಪುಡಿ, ಉಜ್ಜಿದರೆ ಹೋಗುತ್ತದೆ. ಪದರ ಪದರ ಏಳುತ್ತಿದ್ದರೆ ಬಿಟ್ಟುಬಿಡಿ. ಹಳೆ ಗಾಡಿಯ ಅಡಿಗೆ ಹೊಸ ಕಪ್ಪು ಕೋಟಿಂಗ್ ಹೊಳೆಯುತ್ತಿದ್ದರೆ ಸಂತೋಷ ಪಡಬೇಡಿ, ಮುಚ್ಚಲಿಕ್ಕೆ ಹೊಡೆದದ್ದಿರಬಹುದು.

ಎರಡನೆಯದು ನೀರು. ಕೊಟ್ಟಾರ ಚೌಕಿ, ಪಡೀಲ್, ಕಲ್ಸಂಕದ ಹಾಗೆ ನೀರು ನಿಲ್ಲುವ ಕಡೆ ಮುಳುಗಿದ ಗಾಡಿ ತೊಳೆದು ಬಂದಿರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ, ಅದನ್ನು ಯಾರೂ ತೊಳೆಯುವುದಿಲ್ಲ. ಸೀಟಿನ ಅಡಿಯ ಹಳಿ ಮತ್ತು ಸ್ಪ್ರಿಂಗ್, ಡ್ಯಾಶ್‌ಬೋರ್ಡ್ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಹಸಿರು ಕಿಲುಬು, ಏರ್ ಫಿಲ್ಟರ್ ಡಬ್ಬದೊಳಗೆ ನೀರಿನ ಗುರುತು. ಗಾಡಿಯೊಳಗೆ ಸುಗಂಧ ಜಾಸ್ತಿಯಾಗಿದ್ದರೆ ಮ್ಯಾಟ್ ಎತ್ತಿ ಮೂಸಿ ನೋಡಿ.

ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ, ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇವೆ ಅನ್ನಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಮುಚ್ಚಳದಡಿ ಹಾಲಿನ ಕೆನೆಯ ಹಾಗಿದ್ದರೆ ನೀರು ಸೇರಿದೆ. ಮೂರನೇ ಗೇರಿನಲ್ಲಿ 30ರ ವೇಗದಿಂದ ಒಮ್ಮೆಲೇ ಆಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ಟೈರಿನ ಮೇಲೆ ನಾಲ್ಕಂಕಿಯ ಗುರುತು ಉಂಟು: 3219 ಅಂದರೆ 2019ರ 32ನೇ ವಾರ. ಗಾಡಿಗೆ ಆರು ವರ್ಷ, ಮೀಟರಿನಲ್ಲಿ 28,000, ಟೈರು ಮಾತ್ರ ಹೊಸದು ಅಂದರೆ ಲೆಕ್ಕ ಕೂರುವುದಿಲ್ಲ.

ಡೀಸೆಲ್ ಕೇಳಬೇಡಿ. 2020ರ ನಂತರದ ಬಿಎಸ್-6 (ಹೊಗೆ ನಿಯಮ) ಡೀಸೆಲಿಗೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಉಂಟು, ಪೇಟೆಯೊಳಗಿನ ಸಣ್ಣ ಓಡಾಟಕ್ಕೆ ಕಟ್ಟಿಕೊಳ್ಳುತ್ತದೆ. ನಿಮ್ಮದು ಹೆದ್ದಾರಿ, ನಿಮಗೆ ಆದೀತು. ಆದರೆ ಹಿಂದಿನವನು ಹೇಗೆ ಓಡಿಸಿದ್ದಾನೆ ಅಂತ ಯಾರಿಗೆ ಗೊತ್ತು?

ಆರ್‌ಟಿಓ ಕೆಲಸ ಮಾಡಿಸಿಕೊಡುವವರು, ಮಂಗಳೂರು:

ಕೇರಳ ನೋಂದಣಿಯ ಕೆಎಲ್-14 ಗಾಡಿ ಅಗ್ಗಕ್ಕೆ ಸಿಗುತ್ತದೆ ಅಂತ ಕಾಸರಗೋಡಿಗೆ ಓಡುವ ಮೊದಲು: ಫಾರಂ 28ರ ಎನ್‌ಓಸಿ (ಅಲ್ಲಿನ ಆರ್‌ಟಿಓದ ಒಪ್ಪಿಗೆ ಪತ್ರ), ಇಲ್ಲಿ ಗಾಡಿಯ ವಯಸ್ಸಿನ ಪ್ರಕಾರ ಮತ್ತೆ ಆಜೀವ ತೆರಿಗೆ, ಹೊಸ ನಂಬರ್. ಅಲ್ಲಿನ ತೆರಿಗೆ ವಾಪಸಿಗೆ ಬೇರೆ ಅರ್ಜಿ. ಇದೆಲ್ಲ ಕೂಡಿಸಿ ಅಗ್ಗ ಉಳಿದರೆ ಮಾತ್ರ ನೋಡಿ. ನಮ್ಮ ಮಂಗಳೂರು, ಉಡುಪಿಯ ಕೆಎ-19, ಕೆಎ-20ರಲ್ಲೇ ಸಿಕ್ಕಿದರೆ ಮಾಲೀಕರ ಹೆಸರು ಬದಲಿಸುವ ಫಾರಂ 29, 30 ಸಾಕು. ಆರ್‌ಸಿಯಲ್ಲಿ ಲೋನ್ ಎಂಟ್ರಿ ಇದ್ದರೆ ಅದನ್ನು ತೆಗೆಸಲಿಕ್ಕೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35. "ಲೋನ್ ಮುಗಿದಿದೆ, ಎಂಟ್ರಿ ಮಾತ್ರ ತೆಗೆದಿಲ್ಲ" ಅಂದರೆ ತೆಗೆಸಿದ ಮೇಲೆ ಪೂರ್ತಿ ದುಡ್ಡು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಮಾಲೀಕ, ವಿಮೆ, ಲೋನ್ ನೋಡಿ, ಇ-ಚಲನ್ ಬಾಕಿಯೂ ನೋಡಿ.

ವಿಮೆ 14 ದಿನದೊಳಗೆ ನಿಮ್ಮ ಹೆಸರಿಗೆ ಆಗಬೇಕು. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ) ಗಾಡಿಯ ಜತೆ ಬರುವುದಿಲ್ಲ, ಅದು ಅವರದ್ದು.

ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರಿಗೆ ಜಿಎಸ್‌ಟಿ ಶೇ. 18ಕ್ಕೆ ಇಳಿದಿದೆ. ಬ್ರೋಕರ್ 2022ರ ಇನ್‌ವಾಯ್ಸ್ ತೋರಿಸಿ ಅದರಲ್ಲಿ ಕಳೆದು ಬೆಲೆ ಹೇಳಿದರೆ ಒಪ್ಪಬೇಡಿ. ಅದೇ ಗಾಡಿ ಇವತ್ತು ಹೊಸದು ಎಷ್ಟಕ್ಕುಂಟು, ಅಲ್ಲಿಂದ ಕಳೆಯಲಿ.

ಪ್ರಶ್ನೆ ಕೇಳಿದವರು:

ತುಂಬ ಉಪಕಾರ. ಹೊಸ ಸಿಎನ್‌ಜಿ ಕಡೆಗೇ ಮನಸ್ಸು ಬಂತು, ಪಂಚ್ ಇಲ್ಲವೇ ವ್ಯಾಗನ್‌ಆರ್. ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಒಂದು ಬಂದಿತ್ತು, ಅದು ಬೇಡವಾ? ಡೆಲಿವರಿ ದಿನ ಏನು ನೋಡಬೇಕು?

ಡ್ರೈವಿಂಗ್ ಸ್ಕೂಲ್ ನಡೆಸುವವರು, ಉಡುಪಿ:

ಅದು ಎಎಂಟಿ ಆದರೆ ಒಳಗೆ ಕ್ಲಚ್ ಪ್ಲೇಟೇ ಇರುವುದು, ತುಳಿಯುವುದು ಮಾತ್ರ ಮೆಶೀನು. ಕದ್ರಿ, ಬೆಂದೂರುವೆಲ್ ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಂಡವರ ಕೈಯಲ್ಲಿದ್ದದ್ದಾದರೆ ಪ್ಲೇಟ್ ಬೇಗ ಹೋಗಿರುತ್ತದೆ. ಹಿಲ್ ಹೋಲ್ಡ್ (ಏರಿನಲ್ಲಿ ಗಾಡಿ ಹಿಂದೆ ಜಾರದ ಹಾಗೆ ಹಿಡಿಯುವ ವ್ಯವಸ್ಥೆ) ಇಲ್ಲದ್ದು ಬೇಡ.

ಗ್ಯಾರೇಜ್ ಮತ್ತು ಟಿಂಕರಿಂಗ್ ಕೆಲಸದವರು, ಉದ್ಯಾವರ:

ಡೆಲಿವರಿ ದಿನ ಅಲ್ಲ, ರಿಜಿಸ್ಟ್ರೇಶನ್ ಆಗುವ ಮೊದಲೇ ಗಾಡಿ ನೋಡಿ. ನಂಬರ್ ಬಿದ್ದ ಮೇಲೆ ಗಾಡಿ ಬದಲಿಸಿಕೊಡುವುದಿಲ್ಲ. ಹಗಲು, ಮಳೆ ಇಲ್ಲದ ಹೊತ್ತು. ಚಾಸಿ ನಂಬರಿನಿಂದ ತಯಾರಾದ ತಿಂಗಳು ಕೇಳಿ, ಯಾರ್ಡಿನಲ್ಲಿ ಒಂದು ಮಳೆಗಾಲ ಬಯಲಲ್ಲಿ ನಿಂತದ್ದು ಬೇಡ. ಬ್ರೇಕ್ ಡಿಸ್ಕ್ ಮೇಲೆ ತೆಳು ತುಕ್ಕು ಸಹಜ, ಬೋಲ್ಟುಗಳಲ್ಲಿ ಇದ್ದರೆ ಸಹಜ ಅಲ್ಲ. ಬಾನೆಟ್ ಒಳಗೆ ವಯರಿಗೆ ಇಲಿ ಹಲ್ಲು ಹಾಕಿದೆಯಾ ನೋಡಿ. ಅಡಿಯ ಕೋಟಿಂಗ್ ಹೊಸ ಗಾಡಿಗೆ ಮೊದಲ ಮಳೆಗಿಂತ ಮುಂಚೆ ಹೊಡೆಸಿ, ಬಾಗಿಲ ತೂತು ಮುಚ್ಚದ ಹಾಗೆ ನಿಂತು ನೋಡಿಕೊಳ್ಳಿ.

ಕಾರು ಲೋನ್ ವಿಭಾಗದವರು, ಮಂಗಳೂರು:

ವಿಮೆಯಲ್ಲಿ ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಕ್ಲೇಮ್ ಕೊಡುವುದು) ಜತೆಗೆ ಎಂಜಿನ್ ಪ್ರೊಟೆಕ್ಟ್ ಸೇರಿಸಿ. ನೀರಿನಲ್ಲಿ ಬಂದ್ ಬಿದ್ದ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಿ ಕನೆಕ್ಟಿಂಗ್ ರಾಡ್ ಬಾಗಿದರೆ ಸಾದಾ ಪಾಲಿಸಿಯಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಆ್ಯಡ್‌ಆನ್ ಇದ್ದರೂ ಕೀ ತಿರುಗಿಸಬೇಡಿ, ತಳ್ಳಿ ಬದಿಗಿಟ್ಟು ಟೋಯಿಂಗ್‌ಗೆ ಫೋನ್ ಮಾಡಿ.

ಹೆಜಮಾಡಿ ಟೋಲ್ ನಿಮಗೆ ದಿನಕ್ಕೆ ಎರಡು ಸಲ. 2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ 3,000 ರೂ.ಗೆ ಶುರುವಾಯಿತು, ಅದರಲ್ಲಿ 200 ಟ್ರಿಪ್. ನಿಮಗದು ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ, ಆದರೂ ಒಂದು ದಾಟಿಗೆ 15 ರೂ. ಬಿತ್ತು. ಟೋಲಿನಿಂದ 20 ಕಿ.ಮೀ. ಒಳಗಿನ ಮನೆಯವರಿಗೆ ಸ್ಥಳೀಯ ತಿಂಗಳ ಪಾಸ್ ಉಂಟು, ಅದು ಇನ್ನೂ ಕಡಿಮೆ. ಕಟಪಾಡಿ ಆ ಲೆಕ್ಕದ ಅಂಚಿನಲ್ಲಿ ಬರುತ್ತದೆ. ಆಧಾರ್, ಆರ್‌ಸಿ ಹಿಡಿದುಕೊಂಡು ಟೋಲಿನ ಕಚೇರಿಯಲ್ಲೇ ಕೇಳಿ.