ಕಾರಿನ ರಬ್ಬರ್ ಬೀಡಿಂಗ್ ಮೇಲೆ ಒಣಗಿದ ಪಾಲಿಶ್ ಕಲೆಯನ್ನು ತೆಗೆಯುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಮೊದಲ ಸಲ ನಾನೇ ನಮ್ಮ ಕಾರಿಗೆ ಪಾಲಿಶ್ ಹಾಕಿದೆ. ಬಣ್ಣವೇನೋ ಚೆನ್ನಾಗಿ ಹೊಳೆಯುತ್ತಿದೆ. ಆದರೆ ಕಿಟಕಿಯ ಕೆಳಗಿನ ರಬ್ಬರ್ ಬೀಡಿಂಗಿಗೂ ಬಂಪರಿನ ತರಿತರಿಯಾದ ಕಪ್ಪು ಪ್ಲಾಸ್ಟಿಕ್ಕಿಗೂ ತಗುಲಿದ ಪಾಲಿಶ್ ಬಿಸಿಲಿಗೆ ಒಣಗಿ, ಸುಣ್ಣ ಮೆತ್ತಿದಂತೆ ಉಳಿದುಬಿಟ್ಟಿದೆ. ಶಾಂಪೂ ಹಾಕಿ ಎರಡು ಸಲ ತೊಳೆದರೂ, ಒದ್ದೆಯಿರುವಷ್ಟು ಹೊತ್ತು ಮಾಯವಾಗುವ ಕಲೆ ನೀರು ಆರಿದೊಡನೆ ಮತ್ತೆ ಕಾಣಿಸಿಕೊಳ್ಳುತ್ತದೆ. ಪೆಟ್ರೋಲಿನಲ್ಲಿ ಒರೆಸಿದರೆ ಹೋಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ 1

ದಯವಿಟ್ಟು ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಯಾವುದನ್ನೂ ಅದಕ್ಕೆ ಸೋಕಿಸಬೇಡಿ. ಬಾಗಿಲು, ಕಿಟಕಿಗಳ ಸುತ್ತ ಹೆಚ್ಚಾಗಿ ಬಳಸುವ ಇಪಿಡಿಎಂ ಎಂಬ ರಬ್ಬರ್ ಬಿಸಿಲು ಮಳೆಗಳನ್ನು ವರ್ಷಗಟ್ಟಲೆ ತಾಳಿಕೊಳ್ಳುತ್ತದೆಯಾದರೂ, ಪೆಟ್ರೋಲಿಯಂ ದ್ರವಗಳನ್ನು ಹೀರಿಕೊಂಡು ಉಬ್ಬಿ ಮೆತ್ತಗಾಗುತ್ತದೆ.

ಪಾಲಿಶಿನಲ್ಲಿ ಎಣ್ಣೆಯಂಶದ ಜೊತೆಗೆ ಅಲ್ಯುಮಿನಿಯಂ ಆಕ್ಸೈಡಿನಂಥ ನುಣ್ಣನೆಯ ಉಜ್ಜುಪುಡಿ ಇರುತ್ತದೆ. ದ್ರವ ಆರಿದ ಮೇಲೆ ಆ ಪುಡಿ ಮೇಲ್ಮೈಯ ಸಣ್ಣ ಗುಂಡಿಗಳಲ್ಲಿ ಕೂತುಬಿಡುತ್ತದೆ. ನೀರು ಬಿದ್ದಾಗ ಕಣಗಳ ನಡುವಿನ ಸಂದುಗಳೆಲ್ಲ ತುಂಬಿ ಬೆಳಕು ಚದುರುವುದು ಕಡಿಮೆಯಾಗುವುದರಿಂದ ಕಲೆ ಹೋದಂತೆ ತೋರುತ್ತದೆ, ಅಷ್ಟೇ. ಪುಡಿ ಅಲ್ಲಿಯೇ ಇರುತ್ತದೆ.

ಔಷಧ ಅಂಗಡಿಯಲ್ಲಿ ಸಿಗುವ ಐಸೋಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ, ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪರೀಕ್ಷಿಸಿ. ಬಳಿಕ ನೆರಳಿನಲ್ಲಿ, ಗೇಣುದ್ದದ ಜಾಗವನ್ನಷ್ಟೇ ಒಮ್ಮೆಗೆ ತೆಗೆದುಕೊಂಡು, ಮೆದುವಾದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಎದ್ದುಬಂದ ಬಿಳಿ ರಾಡಿಯನ್ನು ಆ ಕ್ಷಣವೇ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ಹೆಚ್ಚಿನವರು ಎಡವುವುದು ಇಲ್ಲಿಯೇ: ಉಜ್ಜಿ ಹಾಗೆಯೇ ಬಿಟ್ಟರೆ ಅದು ಪುನಃ ಅದೇ ಗುಂಡಿಗಳಲ್ಲಿ ಒಣಗುತ್ತದೆ. ದ್ರಾವಣ ಪಕ್ಕದ ಬಣ್ಣದ ಮೇಲೆ ಹರಿಯದಂತೆ ನೋಡಿಕೊಳ್ಳಿ. ಅಲ್ಲಿ ವ್ಯಾಕ್ಸ್ ಹಚ್ಚಿದ್ದರೆ ಅದೂ ಎದ್ದುಹೋದೀತು.

ಉತ್ತರ 2

ನುಣುಪಾದ ಬೀಡಿಂಗಿಗೆ ಇಷ್ಟೆಲ್ಲ ಬೇಕಿಲ್ಲ. ಮಕ್ಕಳು ಪೆನ್ಸಿಲ್ ಗೆರೆ ಅಳಿಸುವ ಬಿಳಿ ರಬ್ಬರಿನಿಂದ ಹಗುರವಾಗಿ ತಿಕ್ಕಿದರೆ, ಒಣ ಪಾಲಿಶ್ ರಬ್ಬರಿನ ಚೂರುಗಳೊಂದಿಗೆ ಉದುರುತ್ತದೆ. ಪೀನಟ್ ಬಟರ್ ಹಚ್ಚುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಅದರ ಎಣ್ಣೆ ಕಲೆಯನ್ನು ಮೆದುಗೊಳಿಸುವುದು ನಿಜ. ನಾನೂ ಮಾಡಿ ನೋಡಿದ್ದೇನೆ, ಆದರೆ ಮರುದಿನ ಬೆಳಗ್ಗೆ ಬಾಗಿಲಿನುದ್ದಕ್ಕೂ ಇರುವೆ ಸಾಲು ಹತ್ತಿತ್ತು.

ಉತ್ತರ 3

ಕಲೆ ತೆಗೆಯದೆ ಅದರ ಮೇಲೆಯೇ ಸಿಲಿಕೋನ್ ಡ್ರೆಸ್ಸಿಂಗ್ (ರಬ್ಬರ್, ಪ್ಲಾಸ್ಟಿಕ್ಕಿಗೆ ಕಪ್ಪು ಹೊಳಪು ಕೊಡುವ ಲೇಪ) ಬಳಿಯುವವರಿದ್ದಾರೆ. ಅದು ಕಪ್ಪಾಗಿ ಕಂಡರೂ ಕೆಲವು ಮಳೆಗಳಾದ ಮೇಲೆ ಬಿಳಿ ಮತ್ತೆ ಇಣುಕುತ್ತದೆ. ಪೂರ್ತಿ ಸ್ವಚ್ಛವಾದ ಮೇಲೆ ಹಚ್ಚುವುದಾದರೆ ನನ್ನ ಅಭ್ಯಂತರವಿಲ್ಲ. ಮುಂದಿನ ಸಲ ಪಾಲಿಶ್ ಡಬ್ಬಿ ತೆರೆಯುವ ಮೊದಲೇ ಬೀಡಿಂಗಿನುದ್ದಕ್ಕೂ ಪೇಂಟಿಂಗ್ ಕೆಲಸದವರ ಮಾಸ್ಕಿಂಗ್ ಟೇಪ್ ಅಂಟಿಸಿಬಿಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಕಿಟಕಿಯ ಬೀಡಿಂಗ್ ಅಳಿಸುವ ರಬ್ಬರಿನಿಂದಲೇ ಸರಿಹೋಯಿತು. ಬಂಪರಿಗೆ ಆಲ್ಕೊಹಾಲ್ ದ್ರಾವಣವನ್ನು ಮೂರು ಸುತ್ತು ಬಳಸಬೇಕಾಯಿತು; ನಂಬರ್ ಪ್ಲೇಟಿನ ಪಕ್ಕದ ಮೂಲೆಯಲ್ಲಿ ಉಗುರಗಲದ ಕಲೆಯೊಂದು ಇನ್ನೂ ಉಳಿದಿದೆ, ಅದನ್ನು ನಾಳೆ ನೋಡಿಕೊಳ್ಳುತ್ತೇನೆ.